ತೋಟದ ಮೇಲಿನ ಹಳೆ ಕೆರೆ: ಏರಿ, ಕೋಡಿ, ತೂಬು ನೀವೇ ಪರೀಕ್ಷೆ ಮಾಡುವ ವಿಧಾನ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಆಮೇಲೆ ಎಷ್ಟೋ ದಿನ ಎಲ್ಲ ಕಡೆ ಅದೇ ಮಾತು. ಎಂಜಿನಿಯರುಗಳು, ಮಂತ್ರಿಗಳು, ಟಿವಿಯವರು ಎಲ್ಲ ಹೊಸಪೇಟೆಗೆ ಓಡಿದರು. ಓಡಬೇಕಾದದ್ದೇ. ಆದರೆ ಆ ನೀರು ಹೊರಡುವ ಜಾಗ ನಮ್ಮ ಮಲೆನಾಡು, ಅಲ್ವಾ? ತುಂಗೆ, ಭದ್ರೆ ಸೇರುವ ಕೂಡ್ಲಿಯಿಂದ ಮೇಲಕ್ಕೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಹೋದರೆ ಅಡಿಕೆ ತೋಟದ ನೆತ್ತಿಯಲ್ಲಿ, ಕಾಫಿ ಎಸ್ಟೇಟಿನ ಕಣಿವೆಯಲ್ಲಿ ಮಣ್ಣಿನ ಒಡ್ಡುಗಳು ಕಾಣುತ್ತವೆ. ಹೊಸನಗರ, ಸಾಗರದ ಕಡೆಯೂ ಇದೇ ಕತೆ. ಅಜ್ಜನ ಕಾಲದಲ್ಲಿ ಆಳುಗಳು ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ್ದು ಕೆಲವು. ಆಮೇಲೆ ಜೆಸಿಬಿ ಬಂದ ಕಾಲದಲ್ಲಿ ಎರಡೇ ದಿನಕ್ಕೆ ಎಬ್ಬಿಸಿದ್ದು ಇನ್ನು ಕೆಲವು. ಎರಡನೆಯವುಗಳ ಬಗ್ಗೆ ನನಗೆ ಹೆದರಿಕೆ ಜಾಸ್ತಿ.

ಈ ಬರಹ ಅಂಥ ಕೆರೆ ಇರುವವರಿಗೆ, ಮತ್ತು ಅಂಥ ಕೆರೆಯ ಕೆಳಗೆ ಮನೆ ಇರುವವರಿಗೆ. ನೆಲ ತೋಡಿ ಮಾಡಿದ ಕೃಷಿ ಹೊಂಡ ಬೇರೆ. ಅದರ ನೀರು ನೆಲಮಟ್ಟದ ಕೆಳಗಿರುತ್ತದೆ, ಒಡೆದು ಹೋಗಲು ಜಾಗವಿಲ್ಲ. ಹಳ್ಳಕ್ಕೆ ಅಡ್ಡ ಏರಿ ಹಾಕಿ ನೀರು ನಿಲ್ಲಿಸಿದ್ದರೆ ಮಾತ್ರ ಮುಂದೆ ಓದಿ.

ಯಾರೂ ಬಂದು ನೋಡುವುದಿಲ್ಲ, ಯಾಕೆ?

ದೇಶದಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದದ್ದು 2021ರಲ್ಲಿ. ಅದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ಎತ್ತರದ್ದಾದರೆ ಇನ್ನೊಂದು ಷರತ್ತು ಬೇಕು. ಏರಿ 500 ಮೀಟರ್ ಉದ್ದ ಇರಬೇಕು, ಇಲ್ಲವೇ 10 ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಇಲ್ಲವೇ ಅಡಿಪಾಯದ ತೊಡಕಿನಂಥ ವಿಶೇಷ ಕಾರಣ ಇರಬೇಕು. ಎತ್ತರ ಅಳೆಯುವುದು ಅಡಿಪಾಯದ ತಳದಿಂದ. ಈ ಅಳತೆಯೊಳಗೆ ಬರುವ ಅಣೆಕಟ್ಟಿನ ಮಾಲೀಕರು ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತಪಾಸಣೆ ಮಾಡಿಸಲೇಬೇಕು.

ನಿಮ್ಮ ಇಪ್ಪತ್ತು ಅಡಿ ಏರಿ ಈ ಲೆಕ್ಕಕ್ಕೇ ಬರುವುದಿಲ್ಲ. ಸಣ್ಣ ನೀರಾವರಿ ಇಲಾಖೆ ಮತ್ತು ಪಂಚಾಯಿತಿಗಳು ನೋಡಿಕೊಳ್ಳುವುದು ಸರ್ಕಾರಿ ಕೆರೆಗಳನ್ನು. ಹಾಗಾಗಿ ಖಾಸಗಿ ಕೆರೆಗೆ ಮಾಲೀಕನೇ ಇನ್‌ಸ್ಪೆಕ್ಟರ್. ಕಾಯ್ದೆ ಬಿಟ್ಟ ಜಾಗವನ್ನು ಒಂದು ನೋಟ್‌ಬುಕ್ಕು ಮತ್ತು ಒಂದು ಅಗಲವಾದ ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿ, ತುಂಬಬೇಕು. ಉಳಿದದ್ದೆಲ್ಲ ಇವೆರಡರ ಸುತ್ತಲಿನ ಕೆಲಸ.

ಹಂತ 1: ಕೆರೆ ಯಾರದು, ಎಷ್ಟು ನೀರು

ಮೊದಲು ಪಹಣಿ ಮತ್ತು ಸರ್ವೆ ನಕ್ಷೆ ತೆಗೆಯಿರಿ. ದಿಶಾಂಕ್ ಆ್ಯಪಿನಲ್ಲಿ ಏರಿಯ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದು ಗೊತ್ತಾಗುತ್ತದೆ. ತೋಟ ನಿಮ್ಮದಾದ ಮಾತ್ರಕ್ಕೆ ಹಳ್ಳ ನಿಮ್ಮದಲ್ಲ. ಬೇರೆಯವರ ಹಕ್ಕು ಸಾಬೀತಾಗದ ಹಳ್ಳ, ಕೆರೆ, ಹರಿಯುವ ನೀರು ಎಲ್ಲ ಸರ್ಕಾರದ್ದು ಎಂದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಂ ಹೇಳುತ್ತದೆ. ಏರಿಯ ಒಂದು ತುದಿ ಬಿ ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆಂದು ಬಿಟ್ಟ ಸರ್ಕಾರಿ ಜಾಗದಲ್ಲಿ, ಕೂತಿದ್ದರೆ ರಿಪೇರಿಗೆ ಮುಂಚೆಯೇ ತಹಶೀಲ್ದಾರ್ ಕಚೇರಿಯಲ್ಲಿ ಮಾತಾಡುವುದು ಒಳ್ಳೆಯದು. ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಏರಿ ಒಬ್ಬನಿಗೆ, ಕೋಡಿ ಇನ್ನೊಬ್ಬನಿಗೆ ಹೋಗಿದ್ದರೆ ರಿಪೇರಿಯ ಹೊಣೆ ಯಾರದು ಎಂದು ಈಗಲೇ ಬರೆದುಕೊಳ್ಳಿ.

ನೀರಿನ ಲೆಕ್ಕ ಸುಲಭ. ತುಂಬಿದಾಗ ನೀರು ಹರಡುವ ಜಾಗವನ್ನು ಚದರ ಮೀಟರಿನಲ್ಲಿ ತೆಗೆದುಕೊಳ್ಳಿ. ಏರಿಯ ಬುಡದಲ್ಲಿನ ಆಳದಿಂದ ಗುಣಿಸಿ. ಬಂದದ್ದರಲ್ಲಿ ಹತ್ತಕ್ಕೆ ನಾಲ್ಕು ಪಾಲು ಹಿಡಿಯಿರಿ. ಒಂದು ಎಕರೆ ಕೆರೆ, ಏರಿ ಹತ್ತಿರ 4 ಮೀಟರ್ ಆಳ ಎಂದರೆ ಸುಮಾರು 6,500 ಘನ ಮೀಟರ್. ಅಂದರೆ 65 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲಾರಿ 650 ಆಗುತ್ತದೆ. ಏರಿ ಒಡೆದರೆ ಅಷ್ಟೂ ಸ್ವಲ್ಪ ಹೊತ್ತಿನಲ್ಲೇ ಕೆಳಗಿರುತ್ತದೆ. "ಸಣ್ಣ ಕೆರೆ ಮಾರಾಯ್ರೆ, ಏನಾಗ್ತದೆ" ಎನ್ನುವವರಿಗೆ ಈ ಲೆಕ್ಕ ತೋರಿಸಿ.

ಹಂತ 2: ಹಳ್ಳದ ಗುಂಟ ಕೆಳಗೆ ನಡೆಯಿರಿ

ಕೆರೆಯ ಅಪಾಯವನ್ನು ನಿರ್ಧರಿಸುವುದು ಏರಿಯ ಎತ್ತರವೊಂದೇ ಅಲ್ಲ, ಕೆಳಗೆ ಯಾರಿದ್ದಾರೆ ಎಂಬುದೂ ಹೌದು. ಏರಿಯ ಬುಡದಿಂದ ಹೊರಟು ಹಳ್ಳ ದೊಡ್ಡ ಹೊಳೆ ಸೇರುವವರೆಗೆ, ಕನಿಷ್ಠ ಎರಡು ಮೂರು ಕಿಲೋಮೀಟರ್, ನಡೆದೇ ಹೋಗಿ. ಹಳ್ಳದ ಮಟ್ಟಕ್ಕೆ ಹತ್ತಿರ ಇರುವ ಮನೆ, ಎಸ್ಟೇಟಿನ ಲೈನ್ ಮನೆ, ಕೊಟ್ಟಿಗೆ, ಅಂಗನವಾಡಿ, ಮೋರಿ, ಕಾಲುಸಂಕ ಎಲ್ಲ ಬರೆದುಕೊಳ್ಳಿ. ಇನ್ನೊಂದು ಕೆರೆ ಕೆಳಗಿದ್ದರೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಮೇಲಿನದು ಒಡೆದರೆ ಕೆಳಗಿನದೂ ಉಳಿಯುವುದು ಕಷ್ಟ.

ಕೆನ್ಯಾದ ಸೊಲಾಯಿ ಎಂಬಲ್ಲಿ 2018ರ ಮೇ 9ರ ರಾತ್ರಿ ಖಾಸಗಿ ಎಸ್ಟೇಟಿನ ಮಣ್ಣಿನ ಒಡ್ಡು ಒಡೆದು ನಲವತ್ತಕ್ಕೂ ಜಾಸ್ತಿ ಜನ ಸತ್ತರು. ಕೆಳಗಿನ ಮನೆಗಳಿಗೆ ಮುನ್ಸೂಚನೆ ಹೋಗುವ ವ್ಯವಸ್ಥೆ ಇರಲಿಲ್ಲ. ಕೆಳಗೆ ಒಂದೇ ಮನೆ ಇದ್ದರೂ ಮುಂದಿನ ಹಂತಗಳಲ್ಲಿ ಯಾವುದನ್ನೂ ಬಿಡಬೇಡಿ. ಬರೀ ಗದ್ದೆ, ಕಾನು ಇದ್ದರೆ ಸ್ವಲ್ಪ ನಿಧಾನ ಮಾಡಬಹುದು.

ಹಂತ 3: ಏರಿ ಬೋಳಿಸಿ, ಆಮೇಲೆ ನೋಡಿ

ಏಪ್ರಿಲ್ ಕೊನೆಯೊಳಗೆ ಏರಿಯ ಎರಡೂ ಮಗ್ಗುಲಿನ ಲಂಟಾನ, ಕುರುಚಲು ಸವರಿಸಿ. ಹುಲ್ಲು ಇರಲಿ, ಅದೇ ಮಣ್ಣು ಹಿಡಿಯುವುದು. ಏರಿಯ ಬುಡದಿಂದ ಆಚೆ ಹತ್ತಡಿಯವರೆಗೂ ಬಯಲಾಗಬೇಕು. ನೋಡಬೇಕಾದ ಎಷ್ಟೋ ವಿಷಯ ಅಲ್ಲೇ ಇರುತ್ತದೆ.

ಮರಗಳದ್ದು ದೊಡ್ಡ ರಗಳೆ. ಏರಿ ಮೇಲೆ ಅಕೇಶಿಯಾ, ಬಿದಿರು, ಹಲಸು ಬೆಳೆದಿರುತ್ತದೆ. ಬೇರು ಮಣ್ಣು ಹಿಡಿಯುತ್ತದೆ ಎಂಬುದು ಜನರ ನಂಬಿಕೆ. ಗುಡ್ಡದ ಇಳಿಜಾರಿಗೆ ಆ ಮಾತು ಸರಿ, ಏರಿಗೆ ಸಲ್ಲದು. ಮರ ಗಾಳಿಗೆ ಉರುಳಿದರೆ ಬೇರಿನ ಜೊತೆ ಏರಿಯ ತುಂಡೇ ಎದ್ದು ಬರುತ್ತದೆ. ಮರ ಕಡಿದು ಬುಡ ಹಾಗೇ ಬಿಟ್ಟರೂ ಕೆಲವು ವರ್ಷಕ್ಕೆ ಬೇರು ಕೊಳೆತು ನೀರಿಗೆ ದಾರಿಯಾಗುತ್ತದೆ. ಹೆಬ್ಬೆರಳು ದಪ್ಪದ ಸಸಿಗಳನ್ನು ಈಗಲೇ ಬುಡಸಮೇತ ಕೀಳಿ. ದೊಡ್ಡ ಮರವಿದ್ದರೆ ಅವಸರದಲ್ಲಿ ಕೊಡಲಿ ಹಾಕಬೇಡಿ. ನೀರು ಇಳಿಸಿ, ಬೇರು ತೆಗೆದು, ಗುಂಡಿಗೆ ಅರ್ಧ ಅಡಿ ಅರ್ಧ ಅಡಿಯಂತೆ ಮಣ್ಣು ಹಾಕಿ ದಮ್ಮಸ್ಸು ಮಾಡಬೇಕು. ಅದನ್ನು ಎಂಜಿನಿಯರ್ ಎದುರಿಗೇ ಮಾಡಿಸಿ.

ಈಗ ಏರಿ ಮೇಲೆ ಒಂದು ಸುತ್ತು, ಒಳಮಗ್ಗುಲಲ್ಲಿ ಒಂದು ಸುತ್ತು, ಹೊರಮಗ್ಗುಲ ಬುಡದಲ್ಲಿ ಒಂದು ಸುತ್ತು ನಡೆಯಿರಿ. ಬಿರುಕು ಏರಿಯ ಉದ್ದಕ್ಕಿದ್ದರೆ ಮಗ್ಗುಲು ಜಾರಲು ಹೊರಟಿರಬಹುದು. ಅಡ್ಡಕ್ಕೆ, ಕೆರೆಯಿಂದ ಹೊರಗಡೆಗೆ ಇದ್ದರೆ ಇನ್ನೂ ಕೆಟ್ಟದ್ದು, ನೀರು ಅದೇ ದಾರಿ ಹಿಡಿಯುತ್ತದೆ. ಹೆಗ್ಗಣ, ಮುಳ್ಳುಹಂದಿಯ ಬಿಲ, ಏಡಿ ತೂತು, ಹುತ್ತ ಕಂಡಲ್ಲೆಲ್ಲ ಒಂದು ಗೂಟ ಹೊಡೆದು ಗುರುತು ಮಾಡಿ. ಹುತ್ತದ ಮೇಲ್ಭಾಗ ಮಾತ್ರ ಒಡೆದು ಮಣ್ಣು ಎಳೆದರೆ ಸಾಲದು. ಒಳಗಿನ ಪೊಳ್ಳು ಸಿಗುವವರೆಗೂ ಅಗೆದು ತುಂಬಬೇಕು. ಹೊರಮಗ್ಗುಲು ಉಬ್ಬಿದ್ದರೆ, ಬುಡದಲ್ಲಿ ಮಾತ್ರ ಬೇಸಿಗೆಯಲ್ಲೂ ಹುಲ್ಲು ಹಸಿರಾಗಿದ್ದರೆ, ಅಲ್ಲಿಯೂ ಗೂಟ.

ಗಾರೆಯವರ ಹತ್ತಿರ ಇರುವ ನೀರು ತುಂಬಿದ ಲೆವೆಲ್ ಪೈಪ್ ತಂದು ಏರಿಯ ನೆತ್ತಿಯ ಮಟ್ಟವನ್ನು ಉದ್ದಕ್ಕೂ ನೋಡಿ. ಹಳೆ ಏರಿ ನಡುವೆ ಕುಸಿದಿರುತ್ತದೆ, ಏಕೆಂದರೆ ಅಲ್ಲೇ ಮಣ್ಣು ಎತ್ತರ. ಅದರ ಮೇಲೆ ಟ್ರ್ಯಾಕ್ಟರ್ ಓಡಿಸಿದ್ದರೆ ಗಾಲಿ ಜಾಡು ಬೇರೆ. ನೀರು ಏರಿ ಹತ್ತಿದ ದಿನ ಮೊದಲು ಹರಿಯುವುದು ಆ ತಗ್ಗಿನಲ್ಲೇ, ಅಂದರೆ ಬುಡದಿಂದ ಅಳೆದರೆ ಏರಿ ಅತಿ ಎತ್ತರ ಇರುವ ಜಾಗದಲ್ಲೇ.

ಹಂತ 4: ಕೋಡಿ

ಸಮಯ ಇಲ್ಲದವರು ಬೇರೆಲ್ಲ ಬಿಟ್ಟು ಇದೊಂದನ್ನಾದರೂ ಮಾಡಿ. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಅದು ಕೊರೆದೇ ಕೊರೆಯುತ್ತದೆ. ಹರಿಯದ ಹಾಗೆ ನೋಡಿಕೊಳ್ಳುವುದು ಕೋಡಿ ಮಾತ್ರ.

ಹವಾಯಿಯ ಕೌವಾಯಿ ದ್ವೀಪದಲ್ಲಿ ಕಾ ಲೋಕೋ ಎಂಬ ಖಾಸಗಿ ಜಲಾಶಯವಿತ್ತು. 1890ರ ಸುಮಾರಿಗೆ ಕಬ್ಬಿನ ತೋಟಕ್ಕೆಂದು ಕಟ್ಟಿದ ಮಣ್ಣಿನ ಅಣೆ. 2006ರ ಮಾರ್ಚ್ 14ರಂದು ಅದು ಒಡೆದು ಏಳು ಜನ ಸತ್ತರು. ಕೋಡಿ ಇರಬೇಕಾದ ಜಾಗದಲ್ಲಿ ಕೋಡಿಯೇ ಇರಲಿಲ್ಲ. ಮಣ್ಣು ಹಾಕಿ ಮುಚ್ಚಿರಬಹುದೆಂದು ತನಿಖೆ ಹೇಳಿತು. ನಮ್ಮಲ್ಲೂ ಕೋಡಿ ಮುಚ್ಚುವ ಉಪಾಯಗಳು ಕಡಿಮೆ ಇಲ್ಲ. ಬೇಸಿಗೆಗೆ ಒಂದಡಿ ನೀರು ಜಾಸ್ತಿ ನಿಲ್ಲಲಿ ಎಂದು ಹಲಗೆ, ಮರಳು ಚೀಲ ಇಡುತ್ತಾರೆ. ಮೀನು ಹೋಗದ ಹಾಗೆ ಬಲೆ ಕಟ್ಟುತ್ತಾರೆ. ದಾರಿಗೆಂದು ಕೋಡಿಯ ಮೇಲೆ ಒಂದು ಪೈಪ್ ಹಾಕಿ ಮಣ್ಣು ಮುಚ್ಚುತ್ತಾರೆ.

ಇದರ ಪರಿಣಾಮ ಎಷ್ಟು ಎಂದು ಲೆಕ್ಕ ಹಾಕೋಣ. ಕೆರೆಗೆ ನೀರು ಬರುವ ಗುಡ್ಡ 50 ಎಕರೆ, ಅಂದರೆ ಸುಮಾರು 20 ಹೆಕ್ಟೇರ್ ಎನ್ನಿ. ಗಂಟೆಗೆ 80 ಮಿಲಿಮೀಟರಿನಂತೆ ಮಳೆ ಬಂತು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಸುರಿಯುವಾಗ ಇದು ಅತಿಯಲ್ಲ. ಪುನರ್ವಸು, ಪುಷ್ಯ ಮಳೆ ಹೊತ್ತಿಗೆ ನೆಲ ತೊಯ್ದು ತೊಪ್ಪೆಯಾಗಿರುತ್ತದೆ. ಹತ್ತರಲ್ಲಿ ಏಳು ಪಾಲು ನೀರು ಹರಿದೇ ಬರುತ್ತದೆ ಎಂದು ಹಿಡಿಯಬೇಕು. 0.7, 80, 20 ಮೂರನ್ನೂ ಗುಣಿಸಿ 360ರಿಂದ ಭಾಗಿಸಿ. ಸೆಕೆಂಡಿಗೆ 3.1 ಘನ ಮೀಟರ್ ಬರುತ್ತದೆ.

ಕೋಡಿಯ ಮೇಲೆ 45 ಸೆಂಟಿಮೀಟರ್ ಆಳ ನೀರು ಹರಿದರೆ ಒಂದು ಮೀಟರ್ ಅಗಲಕ್ಕೆ ಸೆಕೆಂಡಿಗೆ ಸುಮಾರು ಅರ್ಧ ಘನ ಮೀಟರ್ ಹೋಗುತ್ತದೆ. ಹಾಗಾಗಿ ಈ ಕೆರೆಗೆ ಆರು ಮೀಟರ್, ಇಪ್ಪತ್ತಡಿ ಅಗಲದ ಕೋಡಿ ಬೇಕು. ಈಗ ಅದಕ್ಕೆ ಬರೀ 15 ಸೆಂಟಿಮೀಟರಿನ ಹಲಗೆ ಇಡಿ. ನೀರಿನ ಆಳ 30ಕ್ಕೆ ಇಳಿಯುತ್ತದೆ, ಹರಿವು ಹೆಚ್ಚುಕಡಿಮೆ ಅರ್ಧಕ್ಕೇ ಬಂದು ನಿಲ್ಲುತ್ತದೆ. ಆಳದ ಮೂರನೇ ಒಂದು ಪಾಲು ಕಳೆದರೆ ಹರಿವಿನ ಅರ್ಧದಷ್ಟು ಕಳೆದ ಹಾಗೆ. ಅರ್ಧ ಅಡಿ ಹಲಗೆ ತಾನೇ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಇದು ಅಂದಾಜಿನ ಲೆಕ್ಕ. ಹೊಸ ಕೋಡಿ ಕಟ್ಟಿಸುವವರು ನಿಮ್ಮ ಹೋಬಳಿಯ ಮಳೆ ಅಂಕಿ ಹಿಡಿದು ಎಂಜಿನಿಯರಿಂದಲೇ ಲೆಕ್ಕ ಮಾಡಿಸಿ.

ನಿಮ್ಮ ಕೋಡಿ ಅಳೆಯಿರಿ. ಅಗಲ ಎಷ್ಟು, ಕೋಡಿ ತಳದಿಂದ ಏರಿಯ ಅತಿ ತಗ್ಗಿನ ಜಾಗಕ್ಕೆ ಎತ್ತರ ಎಷ್ಟು? ಕೋಡಿಯಲ್ಲಿ ನೀರು ಪೂರ್ತಿ ಹರಿಯುವಾಗಲೂ ಏರಿಯ ನೆತ್ತಿ ಇನ್ನೂ ಎರಡಡಿಯಾದರೂ ಮೇಲಿರಬೇಕು. ಇಲ್ಲವೆಂದಾದರೆ ಏರಿ ಎತ್ತರಿಸುವ ಬದಲು ಕೋಡಿ ಅಗಲ ಮಾಡಿ. ಅದು ಅಗ್ಗ, ನೀರೂ ಜಾಸ್ತಿ ಏರುವುದಿಲ್ಲ. ಕೋಡಿ ಇರಬೇಕಾದದ್ದು ಏರಿಯ ತುದಿಯಾಚೆ, ಗುಡ್ಡದ ಗಟ್ಟಿ ನೆಲದಲ್ಲಿ. ಜಂಬಿಟ್ಟಿಗೆ ನೆಲ ಸಿಕ್ಕರೆ ಒಳ್ಳೆಯದು. ಶೇಡಿ ಮಣ್ಣು ಸಿಕ್ಕರೆ ಕಲ್ಲು ಹಾಸದೆ ಬಿಡಬೇಡಿ, ನೀರಿಗೆ ಅದು ನಿಲ್ಲುವುದಿಲ್ಲ. ಕೋಡಿ ನೀರು ಬಂದು ಏರಿಯ ಬುಡ ಕೊರೆಯದ ಹಾಗೆ ದೂರ ಸಾಗಿಸಿ.

ಹಂತ 5: ಸೋರಿಕೆಯನ್ನು ಅಳೆಯಿರಿ

ಮಣ್ಣಿನ ಏರಿ ಅಂದ ಮೇಲೆ ಸ್ವಲ್ಪ ಸೋರುತ್ತದೆ. ಸೋರುವುದೇ ಅಪಾಯವಲ್ಲ. ಸೋರಿಕೆ ಬದಲಾಗುವುದು ಅಪಾಯ, ಕೆಂಪಗೆ ಬರುವುದು ದೊಡ್ಡ ಅಪಾಯ. ಕೆಂಪು ನೀರು ಎಂದರೆ ಏರಿಯ ಮಣ್ಣು ಒಳಗಿನಿಂದ ಹೊರಗೆ ಹೋಗುತ್ತಿದೆ. ಬೆರಳಷ್ಟು ತೂತು ಕೆಲವೇ ಗಂಟೆಯಲ್ಲಿ ಮನುಷ್ಯ ನುಗ್ಗುವಷ್ಟಾದೀತು.

ಅಳೆಯುವುದಕ್ಕೆ ಬೇಕಾದದ್ದು ಒಂದು ಹತ್ತು ಲೀಟರ್ ಬಕೆಟ್ ಮತ್ತು ಮೊಬೈಲಿನ ಸ್ಟಾಪ್‌ವಾಚ್. ಬುಡದಲ್ಲಿ ಒಸರುವ ನೀರನ್ನು ಸಣ್ಣ ಕಾಲುವೆ ತೆಗೆದು ಒಂದು ಕಡೆ ತನ್ನಿ. ತುಂಡು ಪೈಪಿನಿಂದ ಬಕೆಟ್ಟಿಗೆ ಬೀಳಿಸಿ. 20 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಅರ್ಧ ಲೀಟರ್. ಅದರ ಜೊತೆ ಆ ದಿನದ ಕೆರೆ ಮಟ್ಟವನ್ನೂ ಬರೆಯಬೇಕು. ಅದಕ್ಕೆ ಒಳಗೆ ಗುರುತು ಮಾಡಿದ ಒಂದು ಕಂಬ ನೆಡಿ. ಒಂದು ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ಒಂದು ದಿನ ಇಡಿ. ತಳದಲ್ಲಿ ಮಣ್ಣು ಕೂತರೆ ಎಂಜಿನಿಯರನ್ನು ಅದೇ ದಿನ ಕರೆಸಿ.

ಕೆರೆ ಮಟ್ಟ ಅಷ್ಟೇ ಇದ್ದು ಸೋರಿಕೆ ಜಾಸ್ತಿಯಾದರೆ ಕೆಟ್ಟ ಸುದ್ದಿ. ಏಕಾಏಕಿ ನಿಂತರೂ ಖುಷಿ ಪಡಬೇಡಿ. ನೀರು ಬೇರೆ ದಾರಿ ಹುಡುಕಿರಬಹುದು.

ಹೊರಗಡೆ ನೀರು ಬರುವ ಬಾಯಿಗೆ ಜೇಡಿಮಣ್ಣು ಮೆತ್ತುವುದು, ಸಿಮೆಂಟ್ ಹಾಕುವುದು ಎಲ್ಲರೂ ಮಾಡುವ ಕೆಲಸ. ಮಾಡಬಾರದು. ಒತ್ತಡ ಒಳಗೇ ಬೆಳೆದು ಇನ್ನೊಂದು ಕಡೆ ಒಡೆಯುತ್ತದೆ. ನೀರು ಬರಲಿ, ಮಣ್ಣು ಬರಬಾರದು. ಇದು ಗಂಜಿ ಬಸಿಯುವ ಕೆಲಸ ಇದ್ದ ಹಾಗೆ. ಅದಕ್ಕೆ ಮೊದಲು ತೊಳೆದ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಮೇಲೆ ಭಾರಕ್ಕೆ ಕಾಡುಗಲ್ಲು ಹಾಕಬೇಕು. ಮಳೆಗಾಲಕ್ಕೆ ಮುಂಚೆಯೇ ಎರಡು ಟ್ರ್ಯಾಕ್ಟರ್ ಲೋಡ್ ಮರಳು, ಜಲ್ಲಿ ಏರಿ ಹತ್ತಿರ ತಂದಿಡಿ. ಜುಲೈಯಲ್ಲಿ ಲಾರಿ ಅಲ್ಲಿಗೆ ಬರುವುದಿಲ್ಲ.

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದು ಇಪ್ಪತ್ತರಷ್ಟು ಜನ ಸತ್ತರು. ಅದು ಸರ್ಕಾರಿ ಅಣೆಕಟ್ಟು. ಸೋರುತ್ತಿದೆ ಎಂದು ಊರವರು ಮೊದಲೇ ದೂರು ಕೊಟ್ಟಿದ್ದರು. ಒಡೆದದ್ದು ಏಡಿಗಳಿಂದ ಎಂದು ಅಲ್ಲಿನ ಸಚಿವರೊಬ್ಬರು ಹೇಳಿ ನಗೆಪಾಟಲಾದರು. ಏಡಿ ತೂತು ಕೊರೆಯುವುದು ನಿಜ. ಆದರೆ ತೂತು ನೋಡಿ ಮುಚ್ಚಬೇಕಾದ ಕೆಲಸ ಏಡಿಯದ್ದಲ್ಲವಲ್ಲ.

ಹಂತ 6: ತೂಬು ಮತ್ತು ಪೈಪು

ತೂಬು ಎಂದರೆ ಏರಿಯೊಳಗಿಂದ ತೋಟಕ್ಕೆ ನೀರು ಬಿಡುವ ಕಂಡಿ. ಹಳೆ ತೂಬು ಕಲ್ಲಿನದಾಗಿದ್ದರೆ ಸಂದಿಯಲ್ಲಿ ಮಣ್ಣು ಜಾರಿರುತ್ತದೆ. ಕಬ್ಬಿಣದ ಪೈಪ್ ಆಗಿದ್ದರೆ ತುಕ್ಕು ಹಿಡಿದಿರುತ್ತದೆ. ತೂಬಿನ ನೇರಕ್ಕೆ ಏರಿ ಮೇಲೆ ಗುಳಿ ಬಿದ್ದಿದ್ದರೆ ಒಳಗೆ ಪೊಳ್ಳಾಗಿದೆ ಎಂದೇ ತಿಳಿಯಿರಿ. ತೋಟಕ್ಕೆ ಹೊಸ ಪಿವಿಸಿ ಬೇಕೆಂದು ಏರಿ ಸೀಳಿ ಹೂತು ಮೇಲೆ ಮಣ್ಣು ಎಳೆಯುವುದನ್ನು ದಯವಿಟ್ಟು ಮಾಡಬೇಡಿ. ನುಣುಪು ಪೈಪಿನ ಗುಂಟ ನೀರು ಸಲೀಸಾಗಿ ಹೊರಬರುತ್ತದೆ. ಸೈಫನ್ ಹಾಕಿ, ಅಂದರೆ ನೀರು ತುಂಬಿಸಿಟ್ಟರೆ ಪಂಪಿಲ್ಲದೆ ತಾನೇ ಎಳೆದು ಕೆಳಗೆ ಬಿಡುವ ಪೈಪು. ಅದು ಏರಿಯ ಮೇಲಿಂದ ಹೋಗಲಿ.

ಅಪಾಯದಲ್ಲಿ ನೀರು ಇಳಿಸಲೂ ಸೈಫನ್ ಬೇಕು. ನಾಲ್ಕು ಇಂಚಿನ ಪೈಪಿಗೆ ಎರಡು ಮೀಟರ್ ಇಳಿಜಾರು ಸಿಕ್ಕರೆ ದಿನಕ್ಕೆ ಹತ್ತು ಲಕ್ಷ ಲೀಟರಿಗಿಂತ ಜಾಸ್ತಿ ಹೋಗುತ್ತದೆ. ಒಂದು ಎಕರೆ ಕೆರೆಯಲ್ಲಿ ಅದು ದಿನಕ್ಕೆ ಒಂದಡಿ ಹತ್ತಿರ. ಮಾಮೂಲಿ ದಿನಗಳಲ್ಲಿ ಅದಕ್ಕಿಂತ ಬೇಗ ಇಳಿಸಲೂ ಬಾರದು. ನೀರು ಸರ್ರನೆ ಇಳಿದರೆ ತೊಯ್ದ ಒಳಮಗ್ಗುಲು ಆಸರೆ ಇಲ್ಲದೆ ಜಾರುತ್ತದೆ. ಮಳೆಗಾಲದಲ್ಲಿ ಒಳಹರಿವು ಜೋರಿದ್ದಾಗ ಒಂದು ಸೈಫನ್ ಸಾಲದು, ಎರಡು ಮೂರು ಪೈಪು ಮೊದಲೇ ಜೋಡಿಸಿಟ್ಟಿರಬೇಕು.

ಹಂತ 7: ಮಳೆ ಹಿಡಿದ ರಾತ್ರಿ

ಆರಿದ್ರೆಯಿಂದ ಮಘೆವರೆಗೆ (ಜೂನ್ ಕೊನೆಯಿಂದ ಆಗಸ್ಟ್ ಕೊನೆವರೆಗೆ) ವಾರಕ್ಕೊಮ್ಮೆ, ಜೋರು ಮಳೆ ಇದ್ದರೆ ದಿನಕ್ಕೆರಡು ಸಲ ಏರಿ ನೋಡಿ. ರಾತ್ರಿ ಒಬ್ಬರೇ ಹೋಗಬೇಡಿ. ಕೋಡಿಗೆ ಕಟ್ಟಿಕೊಂಡ ಕಸ, ಬಿದಿರು ಮೆಳೆ ತೆಗೆಯಲು ಉದ್ದದ ಕೊಕ್ಕೆ ಇರಲಿ. ಹರಿವ ಕೋಡಿಗೆ ಇಳಿಯುವುದು ಬೇಡವೇ ಬೇಡ.

ನೀರು ನೆತ್ತಿಗೆ ಒಂದಡಿ ಉಳಿಯಿತು, ಸೋರಿಕೆ ಕೆಂಪಾಯಿತು, ಹೊರಮಗ್ಗುಲು ಜಾರಿತು, ಕೆರೆಯೊಳಗೆ ಸುಳಿ ಕಂಡಿತು. ಇದರಲ್ಲಿ ಯಾವುದಾದರೂ ಒಂದು ಕಂಡರೆ ಮೊದಲು ಕೆಳಗಿನ ಮನೆಯವರನ್ನು ಎಬ್ಬಿಸಿ. ರಿಪೇರಿ ಆಮೇಲೆ. ಮಲೆನಾಡಿನಲ್ಲಿ ಕರೆಂಟ್ ಹೋದರೆ ಟವರ್ ಸಿಗ್ನಲ್ಲೂ ಹೋಗುತ್ತದೆ ಎಂಬುದು ಗೊತ್ತೇ ಇದೆ. ಫೋನ್ ನಂಬಿ ಕೂರಬೇಡಿ. ಯಾವ ಮನೆಗೆ ಯಾರು ಹೋಗಿ ಹೇಳಬೇಕು, ಹಳ್ಳ ದಾಟದ ದಾರಿ ಯಾವುದು ಎಂದು ಮೇ ತಿಂಗಳಲ್ಲೇ ಗೊತ್ತುಮಾಡಿ. ಸಿಗ್ನಲ್ ಇದ್ದರೆ ಜಿಲ್ಲಾ ತುರ್ತು ಸಹಾಯವಾಣಿ 1077ಕ್ಕೆ ಅಥವಾ 112ಕ್ಕೆ ಹೇಳಿ.

ಜೆಸಿಬಿ ತಂದು ಏರಿ ಕಡಿಯೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಏರಿಯ ಮಣ್ಣು ಕಡಿದರೆ ಒಡೆತವನ್ನು ನೀವೇ ಶುರು ಮಾಡಿದಂತೆ. ಅಗೆಯಲೇಬೇಕಾದರೆ ಕೋಡಿ ಪಕ್ಕದ ಗಟ್ಟಿ ನೆಲದಲ್ಲಿ, ಏರಿಯಿಂದ ದೂರ. ಅದೂ ಕೆಳಗೆ ಜನ ಖಾಲಿಯಾದ ಮೇಲೆ.

ಹಂತ 8: ನೋಟ್‌ಬುಕ್ಕು ಮತ್ತು ಹೊಣೆ

ಇಷ್ಟೆಲ್ಲ ಬರೆದಿಡಲು ಹೇಳಿದ್ದಕ್ಕೆ ಕಾನೂನಿನ ಕಾರಣವೂ ಇದೆ. ಇಂಗ್ಲೆಂಡಿನಲ್ಲಿ ಒಬ್ಬ ಗಿರಣಿ ಮಾಲೀಕನ ಖಾಸಗಿ ಕೆರೆಯ ನೀರು ಪಕ್ಕದವನ ಗಣಿಗೆ ನುಗ್ಗಿತು. ತಪ್ಪು ಮಾಡದಿದ್ದರೂ ಮಾಲೀಕನೇ ಹೊಣೆ ಎಂದು 1868ರಲ್ಲಿ ತೀರ್ಪಾಯಿತು. ಅದೇ ವಾದ ಹಿಡಿದು ಮದ್ರಾಸ್ ರೈಲ್ವೆ ಕಂಪನಿ ಕಾರ್ವೇಟಿನಗರದ ಜಮೀನ್ದಾರರ ಮೇಲೆ ಕೇಸು ಹಾಕಿತು. ಅವರ ಕೆರೆಗಳು ಒಡೆದು ರೈಲ್ವೆ ಸೇತುವೆಗಳು ಕೊಚ್ಚಿಹೋಗಿದ್ದವು. 1874ರಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಆಗ ಲಂಡನ್ನಿನಲ್ಲಿದ್ದ ಕೊನೆಯ ಮೇಲ್ಮನವಿ ಕೋರ್ಟು, ಬೇರೆ ತೀರ್ಪು ಕೊಟ್ಟಿತು. ಈ ದೇಶದಲ್ಲಿ ಕೆರೆಯಿಲ್ಲದೆ ಬೇಸಾಯವಿಲ್ಲ, ಕೆರೆ ಕಾಪಾಡುವುದು ಜಮೀನ್ದಾರರ ಕರ್ತವ್ಯವೂ ಹೌದು, ನಿರ್ಲಕ್ಷ್ಯ ಸಾಬೀತಾದರೆ ಮಾತ್ರ ಹೊಣೆ ಎಂದಿತು. ಜಮೀನ್ದಾರರು ಉಳಿದುಕೊಂಡರು.

ಮೀನು ಸಾಕಲು, ಹೋಮ್‌ಸ್ಟೇಗೆ ಚಂದ ಕಾಣಲು ನಿಲ್ಲಿಸಿದ ನೀರಿಗೆ ಇವತ್ತಿನ ಕೋರ್ಟು ಅಷ್ಟೇ ಉದಾರವಾಗಿರುತ್ತದೆ ಎಂದುಕೊಳ್ಳಬೇಡಿ. ಪ್ರಶ್ನೆ ನಿರ್ಲಕ್ಷ್ಯದ್ದೇ ಆದರೂ ನೋಡಿಕೊಂಡಿದ್ದೆ ಎಂದು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ತಾರೀಖು, ಕೆರೆ ಮಟ್ಟ, ಬಕೆಟ್ ತುಂಬಿದ ಸೆಕೆಂಡು, ನೀರಿನ ಬಣ್ಣ, ಮಾಡಿಸಿದ ರಿಪೇರಿ, ಬಿಲ್ಲು, ಒಂದೇ ಜಾಗದಿಂದ ತೆಗೆದ ಫೋಟೋ ಇದ್ದರೆ ಮಾತಿಗೆ ತೂಕ ಬರುತ್ತದೆ.

ಕೆಳಗಿನವರಿಗೂ ಒಂದು ಮಾತು. ಮೇಲಿನ ಕೆರೆ ಬಗ್ಗೆ ಹೆದರಿಕೆ ಇದ್ದರೆ ಮೊದಲು ಗೌಡರಿಗೋ ಭಟ್ಟರಿಗೋ ಹೋಗಿ ಹೇಳಿ. ಕಿವಿಗೆ ಹಾಕಿಕೊಳ್ಳದಿದ್ದರೆ ಫೋಟೋ ಸಮೇತ ಪಿಡಿಒ ಮತ್ತು ತಹಶೀಲ್ದಾರರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಅವರಿಗೂ ಒಂದು ಪ್ರತಿ ಹೋಗಲಿ.

ಮಾಲೀಕರು ಇದಕ್ಕೆ ಕಾಯದೆ ತಾವಾಗಿಯೇ ಒಂದು ಹಾಳೆ ಪಂಚಾಯಿತಿಗೆ ಕೊಡಬಹುದು. ಕೊಟ್ಟರೆ ನಾಳೆ ನೋಟಿಸ್ ಬಂದೀತು ಎಂಬ ಅಂಜಿಕೆ ಹಲವರಿಗಿದೆ. ನನ್ನ ಮಟ್ಟಿಗೆ, ಕೆಳಗೆ ಮನೆಗಳಿರುವ ಕೆರೆಯನ್ನು ಗುಟ್ಟಾಗಿ ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಸರ್ವೆ ನಂಬರು, ಏರಿಯ ಎತ್ತರ ಉದ್ದ, ನೀರಿನ ಲೆಕ್ಕ, ಕೋಡಿಯ ಅಗಲ, ಕೆಳಗಿನ ಮನೆಗಳ ಪಟ್ಟಿ, ಮಳೆಗಾಲದಲ್ಲಿ ಏರಿ ನೋಡುವವರ ಹೆಸರು ಮತ್ತು ಫೋನ್. ಇಷ್ಟೇ ಸಾಕು. ರೋಹಿಣಿ ಮಳೆ ಹುಟ್ಟುವುದು ಮೇ 25ರ ಸುಮಾರಿಗೆ, ಅದಕ್ಕೆ ಮೊದಲು ಕೊಡಿ. ಒಂದು ಪ್ರತಿಯನ್ನು ಹಳ್ಳದ ಗುಂಟ ಮೊದಲು ಸಿಗುವ ಮನೆಗೆ ನೀವೇ ಹೋಗಿ ಕೊಟ್ಟು ಬನ್ನಿ.